ಕುಕ್ಕಿಸಿಕೊಂಡ ಹ್ಯಾಟೆ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಬೇರೆ ಸೀಮೆಯಲ್ಲಿ ಗಾಯದ ಕೋಳಿಗೆ ಸೋಂಕೇ ಶತ್ರು. ಇಲ್ಲಿ ಸೋಂಕು ತಗಲುವ ಮೊದಲೇ ಮಸಾಲೆ ಅರೆದಿರುತ್ತಾರೆ.

ಗಾಯ ಕಂಡೊಡನೆ ಕೂಗಬೇಡಿ. ಕೂಗಿದರೆ ಅತ್ತೆಗೆ ಕೇಳಿಸಿ, 'ಹೆಂಗೂ ಉಳಿಯಾಕಿಲ್ಲ, ಸಾರಿಗಾದ್ರೂ ಆಯ್ತದೆ' ಎಂಬ ತಜ್ಞರ ಅಭಿಪ್ರಾಯ ಬಂದುಬಿಡುತ್ತದೆ. ಸದ್ದಿಲ್ಲದೆ ಹ್ಯಾಟೆಯನ್ನು ಎತ್ತಿ ತಂದು ಮಂಕರಿ ಕವುಚಿ. ಶನಿವಾರವಾದರೆ ನಿಮ್ಮ ಪುಣ್ಯ, ರಂಗನಾಥನ ಒಕ್ಕಲು ಅಂದು ಬಾಡು ಮುಟ್ಟುವುದಿಲ್ಲ. ಸೋಮವಾರವೂ ಹೆಚ್ಚುಕಡಿಮೆ ಕ್ಷೇಮ. ಯುಗಾದಿಯ ಮಾರನೇ ದಿನ, ಅಂದರೆ ಹೊಸತೊಡಕಿಗೆ, ಈ ಕೈಪಿಡಿ ಕೆಲಸ ಮಾಡದು. ಮೇಲುಕೋಟೆಯಲ್ಲಿ ಪುಳಿಯೋಗರೆ ಮಾಡುವ ಸ್ನೇಹಿತರಿದ್ದರೆ ಅಲ್ಲಿಗೆ ಸಾಗಿಸಬಹುದು. ಅವರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದು ಬೇರೆ ಮಾತು.

ಗಾಯ ಸಾಮಾನ್ಯವಾಗಿ ಬಾಲದ ಬುಡದಲ್ಲೋ ಬೆನ್ನಲ್ಲೋ ನೆತ್ತಿಯಲ್ಲೋ ಇರುತ್ತದೆ. ಸುತ್ತಲಿನ ಪುಕ್ಕ ಕತ್ತರಿಸಿ. ಒಂದು ಲೀಟರ್ ನೀರು ಕುದಿಸಿ ಆರಿಸಿ, ಒಂದೂವರೆ ಸಣ್ಣ ಚಮಚ ಉಪ್ಪು ಕರಗಿಸಿ ತೊಳೆಯಿರಿ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಸುಣ್ಣ, ಸೀಮೆಎಣ್ಣೆ, ಕಾಫಿಪುಡಿ ಬೇಡ. ಪಕ್ಕದ ಮನೆಯ ದೊಡ್ಡಪ್ಪ ಎಷ್ಟೇ ಹೇಳಲಿ, ಬೇಡ. ಬೇವಿನೆಣ್ಣೆ ಸವರುವುದಾದರೆ ಗಾಯದ ಸುತ್ತ ಸವರಿ, ಗಾಯದ ಮೇಲಲ್ಲ. ನೊಣವನ್ನು ಹಗುರವಾಗಿ ಕಾಣಬೇಡಿ, ಅದು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ. ಹುಳ ಕಂಡರೆ, ಇಲ್ಲವೇ ಹಿಂಭಾಗದಿಂದ ಕರುಳು ಈಚೆ ಬಂದಿದ್ದರೆ ಪಶು ಆಸ್ಪತ್ರೆಯೇ ಗತಿ. ಸೀಮೆಹಸುಗಳ ನಡುವೆ ಕೋಳಿ ಹಿಡಿದು ನಿಲ್ಲಲು ನಾಚಬೇಡಿ.

ಕುಕ್ಕಿದ್ದು ಯಾಕೆ? ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಸಾಲು ಇದೆಯೆಂದು ನಾರ್ವೆಯ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದಿದ್ದಾರೆ. ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿ ಸಭೆಗೆ ಬಂದಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ. ಸಾಲು ಇರುವುದು ಸಹಜ, ರಕ್ತ ಬರುವುದು ಸಹಜವಲ್ಲ. ಗೂಡು ಇಕ್ಕಟ್ಟಾಗಿದೆಯೇ, ಸೆಕೆಯೇ, ಕೋಳಿಹೇನು ಹತ್ತಿದೆಯೇ, ಹಳೇ ನಾಟಿಗಳ ಮಧ್ಯೆ ಹೊಸ ಗಿರಿರಾಜನನ್ನು ಏಕಾಏಕಿ ಬಿಟ್ಟಿರಾ, ನೋಡಿ. ಬರೀ ನುಚ್ಚು ತಿನ್ನುವ ಕೋಳಿ ಪಕ್ಕದವಳ ಪುಕ್ಕಕ್ಕೆ ಬಾಯಿ ಹಾಕುತ್ತದೆ, ಏಕೆಂದರೆ ಪುಕ್ಕವೆಂದರೆ ಬಹುಪಾಲು ಪ್ರೋಟೀನು. ನಾಗಮಂಗಲದ ಬೆದ್ದಲಿನಲ್ಲಿ ಗೆದ್ದಲಿಗೆ ಬರವಿಲ್ಲ, ಹುತ್ತದ ಹೆಂಟೆ ತಂದು ಒಡೆದರಾಯಿತು. ವಿಶ್ವೇಶ್ವರಯ್ಯ ನಾಲೆಯ ಬಯಲಿನವರು ಕಡಲೆಕಾಯಿ ಹಿಂಡಿ ಕೊಳ್ಳಲಿ.

ಮಂಕರಿಯನ್ನು ಉಳಿದ ಕೋಳಿಗಳ ಕಣ್ಣೆದುರೇ ಇಡಿ. ಕಣ್ಮರೆಯಾದವಳು ಮರಳಿದರೆ ಹೊಸಬಳೆಂದು ಮತ್ತೆ ಕುಕ್ಕುತ್ತವೆ. ಕೆಂಪು ಕಂಡರಂತೂ ಬಿಡುವುದೇ ಇಲ್ಲ. ಚರ್ಮ ಕೂಡುವ ತನಕ ಒಳಗೇ ಇರಲಿ. ಬಿಡುವುದಾದರೆ ಕತ್ತಲಾದ ಮೇಲೆ, ಎಲ್ಲ ಗೂಡು ಸೇರಿದಾಗ ಬಿಡಿ. ಕುಕ್ಕಿದ ಚಂಡಿಯನ್ನೇ ನಾಲ್ಕು ದಿನ ಬೇರೆ ಕಟ್ಟಿದರೆ ಇನ್ನೂ ಒಳ್ಳೆಯದು, ಬಂದಮೇಲೆ ಅದರ ಜೋರು ಇಳಿದಿರುತ್ತದೆ.

ಕೊನೆಯದಾಗಿ ನೆಂಟರ ವಿಚಾರ. ಸೋದರಮಾವ ಬಂದು ಮಂಕರಿಯತ್ತ ನೋಡಿದರೆ ಮೇಲೊಂದು ಗೋಣಿಚೀಲ ಹೊದಿಸಿ, 'ಕಾವಿಗೆ ಕೂತದೆ' ಅನ್ನಿ. ಕಾವಿಗೆ ಕೂತ ಹ್ಯಾಟೆಯನ್ನು ಕುಯ್ಯಿ ಅನ್ನುವ ಧೈರ್ಯ ಅವರಿಗೂ ಬರದು. ಈ ಸುಳ್ಳಿಗೆ 21 ದಿನ ವಾಯಿದೆ. ಸಾಧಾರಣ ಗಾಯ ಅಷ್ಟರಲ್ಲಿ ಮಾಯುತ್ತದೆ. ಮರಿ ಎಲ್ಲಿ ಎಂದು ಕೇಳಿದರೆ ಮೊಟ್ಟೆ ಗೊಡ್ಡಾದವು ಅನ್ನಿ.