ಹಿಂದುಗಡೆ ಒಂದು ರೂಮು

ಮಾವಿನ ದುಡ್ಡು ಕೈಗೆ ಬಂತೆಂದರೆ ಯಲ್ದೂರು ಕಡೆಯವರಿಗೆ ‘ಹಿಂದುಗಡೆ ಒಂದು ರೂಮು ಎಳೆದುಬಿಡೋಣ’ ಅನ್ನಿಸುತ್ತದೆ. ಮನೆ ನಮ್ಮದು, ಜಾಗ ನಮ್ಮದು, ಕೇಳೋರ್ಯಾರು? 1993ರ ಪಂಚಾಯತ್ ರಾಜ್ ಕಾಯ್ದೆ ಕೇಳುತ್ತದೆ! ಅದರ 64ನೇ ಪ್ರಕರಣದಂತೆ ಇರುವ ಮನೆಗೆ ಸೇರಿಸಿ ಕಟ್ಟಲೂ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಸರಿ, ಇ-ಸ್ವತ್ತಿನ ದಾಖಲೆ ತೆಗೆಸಿದರೆ ಮನೆ ಇನ್ನೂ ತಾತನ ಹೆಸರಲ್ಲಿ. ತಾತನೋ, ನಡುಮನೆ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾರ ಹಾಕಿಕೊಂಡು ಕೂತಿದ್ದಾನೆ, ಸಹಿ ಹಾಕೋನಲ್ಲ. ಅಷ್ಟರಲ್ಲಿ ವಾಸ್ತುವಿನವರು ಬಂದು ರೂಮಿನ ನಕ್ಷೆಯಲ್ಲಿದ್ದ ಬಾಗಿಲನ್ನು ಇನ್ನೊಂದು ಮೂಲೆಗೆ ತಳ್ಳಿ ಹೋದರು. ಮೇಸ್ತ್ರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ: “ಪಾಯ ಹಾಕೋಣ ಬಿಡಣ್ಣ, ಪೇಪರ್ ಆಮೇಲೆ ಬತ್ತದೆ.” ಅವನ ಮಾತು ಕೇಳಬೇಡಿ. ಮೊದಲು ಖಾತೆ ಬದಲಾಯಿಸಿಕೊಳ್ಳಿ, ಬಾಕಿ ಕಂದಾಯ ಕಟ್ಟಿ, ಆಮೇಲೆ ಗುದ್ದಲಿ ಎತ್ತಿ.