ಮಾವನ ಗುಲಾಬಿ, ನನ್ನ ಹೆಬ್ಬೆರಳು

ಚನ್ನರಾಯಪಟ್ಟಣದ ನಮ್ಮ ಸೋದರಮಾವನಿಗೆ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಆಮೇಲೂ ಹಾಸನದಲ್ಲಿ ನಾನು ಮಲಗಿರುವುದು ಅವರಿಗೆ ಸಹಿಸುವುದಿಲ್ಲ. ಟಿಣ್ ಅಂತ ಒಂದು ಗುಲಾಬಿ. ಹಿಂದೆಯೇ ಮಂಜಿನ ಹನಿ ಕೂತ ಇನ್ನೊಂದು ಗುಲಾಬಿ. ಆಮೇಲೆ ಸುಭಾಷಿತ, ಮಂಡಿನೋವಿಗೆ ಮನೆಮದ್ದು, ಕಡೆಗೆ ತಿಪಟೂರಿನ ಕೊಬ್ಬರಿ ದರ. ನನ್ನ ಹೆಸರಿನಲ್ಲಿ ಒಂದು ತೆಂಗಿನ ಸಸಿಯೂ ಇಲ್ಲ.

‘ಮ್ಯೂಟ್ ಮಾಡಿ ಸಾರ್, ಅವರಿಗೆ ಗೊತ್ತೇ ಆಗಲ್ಲ’ ಎಂದ ಆಫೀಸಿನ ಹುಡುಗ. 8 ಗಂಟೆ, 1 ವಾರ, ಯಾವಾಗಲೂ ಎಂದು ವಾಟ್ಸಾಪಿನಲ್ಲಿ ಮೂರು ಆಯ್ಕೆ. ಮೊದಲು ‘ಯಾವಾಗಲೂ’ ಬದಲು 1 ವರ್ಷ ಎಂದಿತ್ತು, 2020ರ ಅಕ್ಟೋಬರಿನಲ್ಲಿ ಬದಲಾಯಿಸಿದರು. ಹಾಸನದವರ ಮಟ್ಟಿಗೆ ಹಳೆಯದೇ ಚೆನ್ನಾಗಿತ್ತು. ಹಾಸನಾಂಬೆ ಬಾಗಿಲು ತೆರೆಯುವುದು ಆಶ್ವಯುಜದ ಕೆಲವು ದಿನ ಮಾತ್ರ, ಆದರೂ ಜನ ಬೇಜಾರಿಲ್ಲದೆ ವರ್ಷವಿಡೀ ಕಾದು ಸರದಿಯಲ್ಲಿ ನಿಲ್ಲುತ್ತಾರೆ. ನನಗೇಕೆ ಆ ಸವಲತ್ತಿಲ್ಲ?

ನಿದ್ದೆಗಣ್ಣಲ್ಲಿ, ಕನ್ನಡಕವಿಲ್ಲದೆ, ಎರಡು ಕೆಲಸ ಮುಗಿಸಿದೆ. ‘ಹೇಮಾವತಿ ಬಳಗ’ ಎಂಬ ಕುಟುಂಬದ ಗುಂಪನ್ನು ಶಾಶ್ವತವಾಗಿ ಮ್ಯೂಟ್ ಮಾಡಿದೆ. ಮಾವನನ್ನೂ ಹಾಗೇ ಮಾಡಿದೆ ಅಂದುಕೊಂಡೆ. ಫೋನು ಏನೋ ಕೇಳಿತು, ‘ಸರಿ’ ಒತ್ತಿದೆ. ಫೋನು ಏನು ಕೇಳಿದರೂ ನಾನು ಸರಿ ಅನ್ನುವವನೇ.

ಮೂರು ದಿನ ಎಂಥ ನಿದ್ದೆ!

ಆ ಮೂರು ದಿನ ಮಾವನ ಗುಲಾಬಿಗಳು ಒಂಟಿ ಟಿಕ್ಕಿನಲ್ಲೇ ಒಣಗಿದವು. ಅವರಿಗೆ ನನ್ನ ಫೋಟೋ ಮಾಯವಾಗಿ, ಅಲ್ಲೊಂದು ಬೂದುಬಣ್ಣದ ಬೋಳುತಲೆ ಬಂದು ಕೂತಿತು. (ಹೋಲಿಕೆಯೇನೋ ಸರಿಯಾಗಿಯೇ ಇತ್ತು.) ಬ್ಲಾಕ್ ಆದವರೂ ಗುಂಪಿನಲ್ಲಿ ಮಾತಾಡಬಹುದು, ಆಡಿದರು. ‘ಹುಡುಗನ ಫೋಟೋ ಹೋಗಿದೆ, ಏನಾಗಿದೆಯೋ.’ ಹೊಳೆನರಸೀಪುರದ ದೊಡ್ಡಮ್ಮ ಸಕ್ಕರೆ ಕಾಯಿಲೆ ಜಾಸ್ತಿಯಾಗಿರಬೇಕು ಎಂದರು. ಅರಕಲಗೂಡಿನ ಚಿಕ್ಕಪ್ಪ ಸಾಲ ಎಂದರು. ಇನ್ಯಾರೋ ಎರಡಕ್ಕೂ ಕೈಮುಗಿದ ಚಿತ್ರ ಹಾಕಿದರು. ಸುರುಳಿ ಚಿಹ್ನೆ ಹಾಕಿ ನನ್ನ ಹೆಸರು ಕೂಗಿದ್ದರೆ ಮ್ಯೂಟಿನೊಳಗೂ ಕೇಳುತ್ತಿತ್ತು. ನಮ್ಮ ಹಿರಿಯರು ಹೆಸರು ಹಿಡಿದು ಮಾತಾಡುವವರಲ್ಲ. ಹೀಗೆ ನನ್ನ ತಿಥಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಚರ್ಚೆಯಾಯಿತು, ನಾನೊಬ್ಬ ಓದಲಿಲ್ಲ.

ಭಾನುವಾರ ಏಳಕ್ಕೆ ಬಾಗಿಲು ಬಡಿದರು. ಮಾವ, ಜೊತೆಗೆ ಅರ್ಧ ಮೂಟೆ ತೆಂಗಿನಕಾಯಿ. ಹಿಂದೆ ರೈಲಿಳಿದು ಬಂದ ದೊಡ್ಡಮ್ಮ, ಕೈಯಲ್ಲಿ ಹಾಗಲಕಾಯಿ. ಆಲೂಗಡ್ಡೆ ಹೊತ್ತ ಚಿಕ್ಕಪ್ಪ ಒಳಗೆ ಬಂದವರೇ ಟೀವಿ, ಫ್ರಿಜ್ಜು ಇನ್ನೂ ಇವೆಯೇ ಎಂದು ನೋಡಿದರು.

‘ಎದ್ದು ಓಡಾಡ್ತಿದ್ದೀಯಲ್ಲೋ!’ ಎಂದರು ಮಾವ. ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

‘ಫೋನು ಕೆಟ್ಟಿತ್ತು ಮಾವ.’

‘ಕೊಡಿಲ್ಲಿ’ ಎಂದು ಇಸಿದುಕೊಂಡ ನನ್ನ ಮಗಳು ಒಂದೇ ನೋಟಕ್ಕೆ, ‘ಕೆಟ್ಟಿಲ್ಲ ತಾತ, ಅಪ್ಪ ನಿಮ್ಮನ್ನ ಬ್ಲಾಕ್ ಮಾಡಿದ್ದಾರೆ’ ಎಂದು ತೆಗೆದುಕೊಟ್ಟಳು. ಅಡುಗೆಮನೆಯಲ್ಲಿ ಕಾಫಿ ಲೋಟದ ಸದ್ದೂ ನಿಂತಿತು.

ಮಾವ ಬೈಯಲಿಲ್ಲ. ‘ಹಂಗಾದ್ರೆ ಈ ಮೂರು ದಿನದ್ದು?’ ಎಂದರು. ಬ್ಲಾಕ್ ಆಗಿದ್ದಾಗ ಕಳಿಸಿದ್ದು ತೆಗೆದ ಮೇಲೂ ಬರುವುದಿಲ್ಲ ಎಂದು ಮಗಳೇ ವಿವರಿಸಿದಳು. ಮಾವ ಕನ್ನಡಕ ಏರಿಸಿ, ನನ್ನ ಪಕ್ಕದಲ್ಲೇ ಸೋಫಾದ ಮೇಲೆ ಕಾಲು ಮಡಚಿ ಕೂತು, ಗುರುವಾರದ ಗುಲಾಬಿಯಿಂದ ಶುರುಮಾಡಿದರು.

ಟಿಣ್.