ಐರಣಿ ಸೀಮೆಯ ಕಾರ್ಡ್‌ಋಣ ಮೀಮಾಂಸೆ

ಸಾಲದ ಮೂಲವನ್ನು ಕುರಿತು ಪಂಡಿತರಲ್ಲಿ ಒಮ್ಮತವಿಲ್ಲ. ಸಾಲ ತೀರುವ ಬಗೆಯನ್ನು ಕುರಿತಂತೂ ಪಂಡಿತರೇ ಇಲ್ಲ. ಈ ಕೊರತೆ ತುಂಬಲು ತುಂಗಭದ್ರೆಯ ದಂಡೆಯ ಐರಣಿಯನ್ನು ಆರಿಸಿಕೊಂಡಿದ್ದೇವೆ. ಕಾರಣಗಳು ಶುದ್ಧ ಶಾಸ್ತ್ರೀಯ. ಊರಲ್ಲಿ ಹಾಳುಬಿದ್ದ ಕೋಟೆಯಿದೆ, ಹೊಳೆಮಠವಿದೆ. ಮೆಣಸಿನಕಾಯಿಗೆ ಬ್ಯಾಡಗಿ ಪೇಟೆಯಿದೆ, ನೌಕರಿಗೆ ಕುಮಾರಪಟ್ಟಣದ ಕಾರ್ಖಾನೆಯಿದೆ. ಅಂದರೆ ಇತಿಹಾಸ, ವೈರಾಗ್ಯ, ಬೆಳೆ, ಪಗಾರ: ಸಾಲಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದೇ ಸೀಮೆಯಲ್ಲಿ. ಇದೇ ಹಾವೇರಿ ಜಿಲ್ಲೆಯ ಸರ್ವಜ್ಞ ಸಾಲದ ಮೇಲೆ ತ್ರಿಪದಿ ಹೇಳಿದ್ದಾನೆ. ಎಲ್ಲರಿಗೂ ಬಾಯಿಪಾಠವಾಗಿದ್ದೂ ಯಾರೂ ಪಾಲಿಸದ ಕಾರಣ ಅದನ್ನಿಲ್ಲಿ ಉದ್ಧರಿಸಿಲ್ಲ.

ಉತ್ಖನನದಲ್ಲಿ ಮೂರು ಸ್ತರಗಳು ಕಂಡವು. ಕೆಳಗಿನದು 1905ರದು. ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರ ಪತ್ತಿನ ಸಂಘ ಕಟ್ಟಿದರು. ಅದರ ಮೇಲೆ 1998ರ ಕಿಸಾನ್ ಕ್ರೆಡಿಟ್ ಕಾರ್ಡ್. ಇಂದು ಸೊಸೈಟಿಯ ಬೆಳೆಸಾಲವನ್ನು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ. ಎಲ್ಲಕ್ಕಿಂತ ಮೇಲೆ ಹೊಳೆಯುವ ಪ್ಲಾಸ್ಟಿಕ್ ಕಾರ್ಡು. ಅದರ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು, ವರ್ಷಕ್ಕೆ 42. ಮೇಲಿನ ಸ್ತರಕ್ಕೆ ಬಂದಷ್ಟೂ ನಾಗರಿಕತೆ ಮುಂದುವರಿದಿರುತ್ತದೆ ಎಂಬ ನಿಯಮಕ್ಕೆ ಇದೊಂದು ಅಪವಾದ.

ಪ್ರಯೋಗಕ್ಕೆ ಕಲ್ಪಿತ ಕುಟುಂಬವೇ ಸಾಕು. ನಿಜವಾದದ್ದನ್ನು ತೆಗೆದುಕೊಂಡರೆ ಬೀಗತನ ಕೆಡುತ್ತದೆ. ಗಂಡ ಕಾರ್ಖಾನೆಯಲ್ಲಿ, ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ, ಮಾವ ಹೊಲದಲ್ಲಿ, ಮಕ್ಕಳಿಬ್ಬರು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಶಾಲೆಯ ಫೀ, ಯೂನಿಫಾರ್ಮು, ಒಂದು ಫ್ರಿಜ್ಜು ಸೇರಿ ಕಾರ್ಡಿನ ಬಾಕಿ 40,000 ರೂಪಾಯಿ. ಬಿಲ್ಲಿನಲ್ಲಿ ಈ ದೊಡ್ಡ ಅಂಕಿಯ ಕೆಳಗೆ ಒಂದು ಸಣ್ಣ ಅಂಕಿ ಸಭ್ಯವಾಗಿ ಕೂತಿರುತ್ತದೆ: ಕನಿಷ್ಠ ಪಾವತಿ 2,000. ಗಂಡ ಅಷ್ಟನ್ನೇ ಕಟ್ಟುತ್ತಾನೆ. ಅದರಲ್ಲಿ ಬಡ್ಡಿಗೆ ಹೋದದ್ದು 1,400, ಬಡ್ಡಿಯ ಮೇಲಿನ ಜಿಎಸ್‌ಟಿಗೆ 252, ಅಸಲಿಗೆ ಮುಟ್ಟಿದ್ದು 348. ಆದರೂ ಅಂದು ರಾತ್ರಿ ಆತ ‘ಕಾರ್ಡ್ ಕಟ್ಟೇನಿ’ ಎಂದು ಹೇಳಿ ಸುಖವಾಗಿ ಮಲಗುತ್ತಾನೆ. 348 ರೂಪಾಯಿಯ ಈ ನಿದ್ದೆಗೆ ನಾವು ‘ಅಲ್ಪತಮಾನಂದ’ ಎಂದು ಹೆಸರಿಟ್ಟಿದ್ದೇವೆ.

ಇಲ್ಲಿ ಮಾವನದೊಂದು ಪೂರ್ವಪಕ್ಷ. ಬಿಲ್ ಪೂರ್ತಿ ಕಟ್ಟುವವರಿಗೆ ಕಾರ್ಡು ಹೆಚ್ಚೆಂದರೆ 50 ದಿನ ಬಡ್ಡಿಯಿಲ್ಲದೆ ಕಾಯುತ್ತದೆ ಎಂದು ಮಗ ಹೆಮ್ಮೆಯಿಂದ ಹೇಳಿದ. ‘ಐವತ್ತ್ ದಿನಕ್ಕ ಏನ್ ಬರ್ತೈತೋ ತಮ್ಮಾ? ಮೆಣಸಿನ ಗಿಡ ಹೂವು ಬಿಡ್ತೈತಿ, ಅಷ್ಟ.’ ಕಾಯಿ ಕೆಂಪಾಗಿ, ಕಣದಲ್ಲಿ ಒಣಗಿ, ಚೀಲ ಸೇರಿ ಬ್ಯಾಡಗಿಗೆ ಹೋಗುವ ಹೊತ್ತಿಗೆ ಜನವರಿ ಬಂದಿರುತ್ತದೆ. ಅಲ್ಲಿಯೂ ದರ ಬಿದ್ದರೆ ಏನಾಗುತ್ತದೆಂಬುದನ್ನು 2024ರ ಮಾರ್ಚ್‌ನಲ್ಲಿ ಮಾರುಕಟ್ಟೆಯ ಅಂಗಳದಲ್ಲಿ ಉರಿದ ವಾಹನಗಳು ತೋರಿಸಿಕೊಟ್ಟವು. ಮಾವನ ವಾದಕ್ಕೆ ಉತ್ತರ ಬರೆದ ಬ್ಯಾಂಕರ್ ಇನ್ನೂ ಹುಟ್ಟಿಲ್ಲ.

ಈಗ ಸಿದ್ಧಾಂತ. ಋಣ ನಾಶವಾಗುವುದಿಲ್ಲ, ಮನೆಯೊಳಗೇ ಕೋಣೆ ಬದಲಿಸುತ್ತದೆ. ‘ಸಂಘದಾಗ ತಗದು ಕಟ್ಟಿ ಒಗದ್ಬಿಡೂಣು ತಗೋರಿ, ಅಲ್ಲಿ ಬಡ್ಡಿರ ಕಮ್ಮಿ ಐತಿ’ ಎನ್ನುತ್ತಾಳೆ ಹೆಂಡತಿ. ಕಾರ್ಡಿನ ಸಾಲ ಸಂಘಕ್ಕೆ ಬಂತು. ಸಂಘದ ಕಂತು ತಪ್ಪಿದ ತಿಂಗಳು ಕೈಬಳೆ ಬ್ಯಾಂಕಿನ ಲಾಕರಿಗೆ ಹೋಯಿತು. ಕಾರ್ಡಿನ ಮೇಲೆ ಗಂಡನ ಹೆಸರು, ಕಂತಿನ ಪಾಸ್‌ಬುಕ್ಕಿನ ಮೇಲೆ ಹೆಂಡತಿಯದು, ಅಡವಿಟ್ಟ ಬಳೆಯೂ ಅವಳ ತವರಿನದು. ಸಾಲ ತೀರಿಸಿದವರು ಯಾರು ಎಂಬ ಪ್ರಶ್ನೆಯನ್ನು ಹಿಂದಿನ ವಿದ್ವಾಂಸರು ಎತ್ತಿಲ್ಲ. ಅವರೂ ಗಂಡಂದಿರೇ ಇದ್ದಿರಬೇಕು.

ಇನ್ನು ವಸೂಲಿ ಪ್ರಕರಣ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಯವರು ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕ್ ಕಟ್ಟಳೆ ಮಾಡಿದೆ. 1800ರ ಜೂನ್‌ನಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿ ಬಂದು ರಾಣೆಬೆನ್ನೂರಿನ ಕೋಟೆ ಹಿಡಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಗೆ ಇಂಥ ಕಟ್ಟಳೆ ಇರಲಿಲ್ಲ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸಿನವರ ಕಾಟ ತಾಳಲಾರದೆ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದರು. ಫೆಬ್ರವರಿಯಲ್ಲಿ ಇಂಥ ಕಾಟ ತಡೆಯುವ ಸುಗ್ರೀವಾಜ್ಞೆ ಬಂತು. ಇದನ್ನು ಅಣಕಿಸುವ ಪರಿಭಾಷೆ ನಮ್ಮಲ್ಲಿಲ್ಲ, ಮುಂದೆ ಹೋಗೋಣ.

ಕೊನೆಯ ಕೋಣೆ ಮಾವನದು. ಬಳೆ ಬಿಡಿಸಲೆಂದು ಆತ ಸೊಸೈಟಿಯಲ್ಲಿ ಬೆಳೆಸಾಲ ಎತ್ತಿದ, ಬಡ್ಡಿ ಸೊನ್ನೆ. ಹೀಗಾಗಿ ಸೊಸೈಟಿಯ ಲೆಕ್ಕದಲ್ಲಿ ಮೊಮ್ಮಕ್ಕಳ ಫೀ, ಯೂನಿಫಾರ್ಮು, ಫ್ರಿಜ್ಜು ಮೂರೂ ಸದ್ಯ ಮೆಣಸಿನಕಾಯಿ ಎಂದೇ ದಾಖಲಾಗಿವೆ. ಬೆಳೆ ಸಮೀಕ್ಷೆಯವರು ಮೊಬೈಲ್ ಹಿಡಿದು ಬಂದರೆ ಫ್ರಿಜ್ಜನ್ನು ಯಾವ ಸರ್ವೆ ನಂಬರಿನಲ್ಲಿ ನಿಲ್ಲಿಸಿ ಫೋಟೊ ತೆಗೆಸಬೇಕೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ.